ಬೋರಲು ಮಲಗಿದ ಬಿಲ್ಲೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಸಂಸ್ಥೆಯ ಹಿಂಬದಿಯಲ್ಲಿ ಕೆಳಗಿಳಿಯುವ ಮೆಟ್ಟಿಲು, ಮೆಟ್ಟಿಲ ಕೊನೆಗೆ ಒಂದು ಕಬ್ಬಿಣದ ಬಾಗಿಲು. ಐವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು ಒಳಗೆ ಬರುತ್ತಾರೆ. ಹಿಮ್ಮಡಿ ಊರುವುದಿಲ್ಲ, ಮಲಗಿದ ಕೂಸಿನ ಪಕ್ಕ ಹಾಯುವವರ ಹಾಗೆ ಬೆರಳ ತುದಿಯಲ್ಲಿ ನಡೆಯುತ್ತಾರೆ. ಕುರ್ಚಿಯನ್ನು ಎಳೆಯದೆ ಎತ್ತಿ ಇಟ್ಟುಕೊಂಡು ಕೂರುತ್ತಾರೆ. ಕೂತ ಮೇಲೆ, ಹಣೆಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸುವಂತೆ ಕಾಣುತ್ತಾರೆ.

ಅವರೆದುರಿಗೆ ಗಾಜಿನ ಕಿಟಕಿಯಿರುವ ಒಂದು ಬಿಸಿಪೆಟ್ಟಿಗೆ. ಅದರೊಳಗೆ ನಾಲ್ಕೂ ಅಂಚಿಗೆ ಆಸರೆ ಕೊಟ್ಟು ಮಲಗಿಸಿರುವ ಒಂದು ಚೌಕ ಪ್ಲೇಟು. ಎರಡು ಅಂಗೈ ಜೋಡಿಸಿ ಹಿಡಿದಷ್ಟು ಅಗಲ, ಶಾಲೆಯ ಹಳೆಯ ಸ್ಲೇಟಿನಷ್ಟು ದಪ್ಪ, ಮೈಯೆಲ್ಲ ಹೊಳಪಿಲ್ಲದ ಬೂದು ಬಣ್ಣ. ಮೇಲ್ಗಡೆ ಒಂದು, ಕೆಳಗಡೆ ಒಂದು, ಅಂಚೆಚೀಟಿಯಷ್ಟಗಲದ ತೇಪೆ. ಒತ್ತಿದರೂ ಎಳೆದರೂ ಈ ತೇಪೆಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಹಾಗಾಗಿ ಪ್ಲೇಟು ಎಷ್ಟು ಬಾಗಿತು ಎಂಬುದನ್ನು ಪ್ಲೇಟೇ ಹೇಳುತ್ತದೆ. ಹೇಳುವುದು ಬಾಗಿದ್ದನ್ನು ಮಾತ್ರವಲ್ಲ. ಲಿಫ್ಟು ಇಳಿದರೆ, ಮೇಲಿನ ಮಹಡಿಯಲ್ಲಿ ಯಾರಾದರೂ ಬೀರು ತಳ್ಳಿದರೆ, ಈ ಹೆಂಗಸು ಕಾಲು ಬದಲಿಸಿ ಕೂತರೆ, ಎಲ್ಲಕ್ಕೂ ಪರದೆಯ ಮೇಲಿನ ಗೆರೆ ಒಮ್ಮೆ ನಡುಗುತ್ತದೆ.

"ಲಾರಿ ಓಡಾಟ ಶುರುವಾದ್ರೆ ಆಯ್ತು, ಅದರ ಸದ್ದು ಕೇಳ್ಕೊಂಡೇ ಕೂರತ್ತೆ. ನನ್ನ ಮಾತು ಕೇಳಲ್ಲ. ಅದಕ್ಕೇ ಈ ಹೊತ್ತಿಗೆ ಬರೋದು," ಎಂದು ಅವರು ಪಿಸುಗುಟ್ಟುತ್ತಾರೆ. ಪ್ಲೇಟಿನ ಕಡೆ ನೋಡಿ, "ಈ ಕಟ್ಟಡದಲ್ಲಿ ನಾನು ಬಂದೆ ಅಂತ ತಿಳಿಯೋದು ಇದಕ್ಕೊಂದಕ್ಕೇ," ಎನ್ನುತ್ತಾರೆ.

ಸಂಸ್ಥೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಲೆಕ್ಕದಕ್ಕ ಎಂದು. ಹಾಜರಿಯಲ್ಲಿ ಬೇರೆ ಹೆಸರಿದೆ. ಆ ಹೆಸರು ಕರೆದರೆ ಅವರೇ ಒಂದು ಕ್ಷಣ ತಡವಾಗಿ ತಿರುಗುತ್ತಾರಂತೆ. ಕೆಲಸ ಇಷ್ಟು: ಇನ್ನೂ ಹುಟ್ಟದಿರುವ ಒಂದು ಪ್ಲೇಟು ಭಾರ ಹೊತ್ತಾಗ, ಬಿಸಿಯಾದಾಗ, ವಿದ್ಯುತ್ತು ಹಾಯಿಸಿದಾಗ ಎಷ್ಟು ಬಾಗುತ್ತದೆ, ಎಲ್ಲಿ ನೋಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ಹೇಳುವುದು. ಇದಕ್ಕೆ ಅವರ ವಿಭಾಗದಲ್ಲಿ ಮಾಡೆಲ್ ಕಟ್ಟುವುದು ಎನ್ನುತ್ತಾರೆ. ಏಳು ವರ್ಷದಿಂದ ಅವರು ಕಟ್ಟುತ್ತಿರುವುದು ಒಂದೇ ಮಾಡೆಲ್ಲು.

ಬಿಸಿ ಯಂತ್ರದ ಪಕ್ಕದಲ್ಲಿ ಇಡುವ ಮುಚ್ಚಳಕ್ಕೆ ಎರಡು ಗುಣ ಬೇಕು. ಯಂತ್ರದ ಕಡೆಯ ಮುಖ ಬಿಸಿ ತಡೆಯಬೇಕು. ಅದಕ್ಕೆ ಪಿಂಗಾಣಿಯ ಜಾತಿಯ ಬಿಳಿ ಪುಡಿ ಒಳ್ಳೆಯದು. ಆಚೆ ಮುಖ ಏಟು ತಾಳಬೇಕು. ಅದಕ್ಕೆ ಲೋಹ ಒಳ್ಳೆಯದು. ಎರಡನ್ನೂ ಬರೀ ಅಂಟಿಸಿದರೆ ಬಿಸಿಗೆ ಲೋಹ ಹೆಚ್ಚು ಹಿಗ್ಗಿ, ಬಿಳಿ ಕಡಿಮೆ ಹಿಗ್ಗಿ, ಅಂಟಿದ ಜಾಗದಲ್ಲೇ ಬಿರುಕು ಬಿಡುತ್ತದೆ. ಹಾಗಾಗಿ ಅಂಟಿಸುವುದೇ ಇಲ್ಲ. ಒಂದು ಮುಖದಲ್ಲಿ ಪೂರ್ತಿ ಬಿಳಿ. ಒಳಗೆ ಹೋದಂತೆ ಬಿಳಿ ತೆಳುವಾಗುತ್ತ, ಲೋಹ ಹೆಚ್ಚಾಗುತ್ತ, ಆಚೆ ಮುಖ ಮುಟ್ಟುವಷ್ಟರಲ್ಲಿ ಪೂರ್ತಿ ಲೋಹ. ನಡುವೆ ಗಡಿ ಎಂಬುದಿಲ್ಲ.

"ಅಪ್ಪ ಬಾವಿ ತೋಡೋರು," ಎನ್ನುತ್ತಾರೆ ಲೆಕ್ಕದಕ್ಕ. "ಮೇಲೆ ಮಣ್ಣು, ತಳದಲ್ಲಿ ಬಂಡೆ. ಮಣ್ಣು ಎಲ್ಲಿ ಮುಗೀತಪ್ಪಾ ಅಂದ್ರೆ, ನನ್ನನ್ನೇನು ಕೇಳ್ತೀಯ, ಹಾರೆ ಕೇಳು ಅನ್ನೋರು. ಇಲ್ಲಿ ಹಾರೆ ಇಲ್ಲ. ಲೆಕ್ಕ ಕೇಳ್ಬೇಕು."

ಬಿಸಿಪೆಟ್ಟಿಗೆಯ ಗುಂಡಿ ಒತ್ತಿ ಅವರು ಕೈ ಕಟ್ಟಿ ಕೂರುತ್ತಾರೆ. ಪೆಟ್ಟಿಗೆ ನಿಧಾನ ಕಾಯಬೇಕು. ಅವಸರ ಮಾಡಿದರೆ ಒಂದು ಮುಖ ಮೊದಲು ಬಿಸಿಯಾಗಿ ಎಲ್ಲವೂ ಹಾಳು. ಎರಡು ಗಂಟೆಯ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ಎದ್ದು ಓಡಾಡುವಂತಿಲ್ಲ.

ಊರಿನ ಶಾಲೆ ಮುಗಿಸಿ, ಗಣಿತದಲ್ಲಿ ಪದವಿ ಮಾಡಿ, ಅವರು ಈ ಸಂಸ್ಥೆಗೆ ಬಂದದ್ದು ಅಂಕಿ ಟೈಪು ಮಾಡುವ ಕೆಲಸಕ್ಕೆ. ಆಗಿದ್ದ ಪ್ರೊಫೆಸರರೊಬ್ಬರು, ಟೈಪು ಮಾಡುವಾಗ ಈ ಹುಡುಗಿ ಸಂಖ್ಯೆಗಳ ಮುಂದೆ ತಡೆದು ತಡೆದು ನಿಲ್ಲುವುದನ್ನು ನೋಡಿ, ಏನು ಎಂದು ಕೇಳಿದರು. ಈ ಸಾಲು ಮೇಲಿನ ಸಾಲಿನ ಜೊತೆ ಜಗಳ ಆಡ್ತಿದೆ ಸಾರ್ ಎಂದಳು ಹುಡುಗಿ. ಅಲ್ಲಿಂದ ಅವರು ಕಲಿಸುತ್ತ ಹೋದರು, ಇವರು ಕಲಿಯುತ್ತ ಹೋದರು. ಪ್ರೊಫೆಸರರು ನಿವೃತ್ತರಾಗಿ ಹೊರಟುಹೋದ ಮೇಲೆ ಮಾಡೆಲ್ಲು ಇವರ ಪಾಲಿಗೆ ಬಂತು. ಹುದ್ದೆ ಮಾತ್ರ ಅಂದಿನಿಂದ ಇಂದಿನವರೆಗೂ ಯೋಜನಾ ಸಹಾಯಕಿ. ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ.

ಮಾಡೆಲ್ಲು ಕಟ್ಟುವಾಗ ಅವರು ಪ್ಲೇಟನ್ನು ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಹೆಚ್ಚುತ್ತಾರೆ. ದಪ್ಪವನ್ನೂ ಪದರ ಪದರವಾಗಿ ಸೀಳುತ್ತಾರೆ. ಒಂದೊಂದು ಚೌಕವೂ ಪಕ್ಕದ ಚೌಕವನ್ನು ಎಷ್ಟು ತಳ್ಳುತ್ತದೆ, ಎಷ್ಟು ಎಳೆಯುತ್ತದೆ ಎಂದು ಹೇಳಬೇಕು. ಸಾವಿರಾರು ಚೌಕಗಳ ತಗಾದೆ ಒಟ್ಟಿಗೆ ತೀರಿದರೆ ಉತ್ತರ. ತೀರದಿದ್ದರೆ ಯಂತ್ರ ಸುಮ್ಮನೆ ನಿಂತುಬಿಡುತ್ತದೆ. ಈ ಕೆಲಸದಲ್ಲಿ ಅವರಿಗೆ ತುಂಬ ಪ್ರೀತಿಯ ಒಂದು ಸಂಗತಿಯಿದೆ. ಯಾವ ಪ್ಲೇಟು ಬಾಗಿದರೂ ಒಂದು ಮುಖ ಹಿಗ್ಗುತ್ತದೆ, ಒಂದು ಕುಗ್ಗುತ್ತದೆ. ಒಳಗೆಲ್ಲೋ ಒಂದು ಪದರ ಮಾತ್ರ ಹಿಗ್ಗದೆ ಕುಗ್ಗದೆ ಇರುತ್ತದೆ. ಸಾಮಾನ್ಯ ಪ್ಲೇಟಿನಲ್ಲಿ ಅದು ನಟ್ಟನಡುವೆ ಇದ್ದರೆ ಇದರಲ್ಲಿ ಗಟ್ಟಿ ಮುಖದ ಕಡೆಗೆ ಸರಿದುಕೊಂಡಿರುತ್ತದೆ. "ಯಾರ ತಂಟೆಗೂ ಹೋಗಲ್ಲ ಅದು. ಆದ್ರೆ ಅದು ಎಲ್ಲಿದೆ ಅಂತ ಗೊತ್ತಾಗದೆ ಲೆಕ್ಕ ಒಂದು ಹೆಜ್ಜೆ ಮುಂದೆ ಹೋಗಲ್ಲ," ಎನ್ನುತ್ತಾರೆ.

ಮನೆಯಲ್ಲಿ ಇದನ್ನೆಲ್ಲ ಹೇಳಲು ಇರುವುದು ಚಿಕ್ಕಮ್ಮ ಒಬ್ಬರೇ. ಎರಡು ಕೋಣೆಯ ಮನೆ, ಒಂದರಲ್ಲಿ ಅವರು, ಒಂದರಲ್ಲಿ ಇವರು. ಪ್ಲೇಟು ಎಂದರೆ ಚಿಕ್ಕಮ್ಮನಿಗೆ ಊಟದ ತಟ್ಟೆ.

"ಏಳು ವರ್ಷದಿಂದ ಒಂದು ತಟ್ಟೆ ಬಗ್ಗತ್ತೋ ಇಲ್ವೋ ಅಂತ ನೋಡ್ತಿದ್ದೀಯಲ್ಲೇ. ಕಾಲಿಂದ ಒಂದ್ಸಲ ತುಳಿದ್ರೆ ಗೊತ್ತಾಗಲ್ವಾ?"

"ತುಳಿದ್ರೆ ಬಗ್ಗತ್ತೆ ಚಿಕ್ಕಮ್ಮ. ಎಷ್ಟು ಅಂತ ತುಳಿಯೋಕೆ ಮುಂಚೆ ಹೇಳ್ಬೇಕು."

"ಮುಂಚೆ ಹೇಳಿ ಏನು ಮಾಡ್ತೀಯ? ಅದಕ್ಕೆ ಸಮಾಧಾನ ಹೇಳ್ತೀಯಾ?"

"ಇದು ಜಾಣ ತಟ್ಟೆ. ಬಗ್ಗಿದ್ರೆ ಅದೇ ಹೇಳತ್ತೆ. ತೇಪೆಗೆ ಕರೆಂಟು ಕೊಟ್ರೆ ತಾನಾಗೇ ನೆಟ್ಟಗಾಗತ್ತೆ."

"ತಟ್ಟೆ ಜಾಣ ಆಯ್ತು ಬಿಡು. ಮನೇಲಿ ಇನ್ನೊಬ್ರು ಯಾವಾಗ ಆಗ್ತಾರೆ?"

ಹೀಗೆ ಮಾತು ಮುಗಿಯುತ್ತದೆ. ಚಿಕ್ಕಮ್ಮ ದೀಪ ಆರಿಸುತ್ತಾರೆ, ಲೆಕ್ಕದಕ್ಕ ತಟ್ಟೆ ತೊಳೆದಿಡುತ್ತಾರೆ.

ಕೆಲಸದ ಮಾತನ್ನು ಕೆಲಸದ ಮಾತಾಗಿ ಕೇಳುವವರು ಈ ಏಳು ವರ್ಷದಲ್ಲಿ ಒಬ್ಬರೇ ಇದ್ದರು. ಪಟ್ಟಣದ ಆಚೆ ಕೊನೆಯ ಶೆಡ್ಡಿನಲ್ಲಿ ಪುಡಿ ಬೆರೆಸಿ, ಅಚ್ಚಿಗೆ ತುಂಬಿ, ಪ್ರೆಸ್ಸಿನಲ್ಲಿ ಒತ್ತಿ, ಭಟ್ಟಿಯಲ್ಲಿ ಸುಟ್ಟು ಪ್ಲೇಟು ಮಾಡಿ ಕಳಿಸುವವರು. ಪುಡಿಯಣ್ಣ ಎಂದೇ ಹೆಸರು. ಅವರ ಬಾಯಲ್ಲಿ ಪ್ಲೇಟು ಬಿಲ್ಲೆಯಾಗುತ್ತದೆ, ಲೆಕ್ಕದಕ್ಕ ಲೆಕ್ಕದಮ್ಮನಾಗುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದಿಲ್ಲ. ಎಲ್ಲವೂ ಫೋನಿನಲ್ಲೇ. ಇವರು ಫೋನಿನಲ್ಲಿ ಓದುತ್ತಾರೆ: ಒಂದನೇ ಪದರ ಪೂರ್ತಿ ಬಿಳಿ, ಎರಡನೆಯದಕ್ಕೆ ಲೋಹ ಇಷ್ಟು, ಮೂರನೆಯದಕ್ಕೆ ಇಷ್ಟು. ಆ ಕಡೆ ಅವರು ಡಬ್ಬಿಯ ಮುಚ್ಚಳಗಳ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಳ್ಳುತ್ತಾರೆ. ಸುಟ್ಟು ತಣಿದ ಪ್ಲೇಟಿಗೆ ಎರಡೂ ಮುಖ, ಅಂಚು ಎಲ್ಲ ಬೂದು ಬಣ್ಣ ಬಳಿಯುತ್ತಾರೆ. ಬಾಗು ಅಳೆಯುವ ಬೆಳಕಿನ ಚುಕ್ಕೆ ಹೊಳೆಯುವ ಮೈಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಬಣ್ಣ ಬಳಿದ ಮೇಲೆ ಯಾವ ಮುಖ ಯಾವುದೆಂದು ತಿಳಿಯುವುದಿಲ್ಲವಾದ್ದರಿಂದ ಒಂದು ಮೂಲೆಯಲ್ಲಿ ಹಳದಿಯಲ್ಲಿ 'ಮೇ' ಎಂದು ಬರೆಯುತ್ತಾರೆ. ಮೇ ಎಂದರೆ ಮೇಲು.

ಪ್ಲೇಟು ತಲುಪಿದ ದಿನ ಪುಡಿಯಣ್ಣ ತಪ್ಪದೆ ಫೋನು ಮಾಡುತ್ತಿದ್ದರು.

"ಬಿಲ್ಲೆ ಬಂತಾ ಲೆಕ್ಕದಮ್ಮ?"

"ಬಂತು ಪುಡಿಯಣ್ಣ."

"ಮೇಲು ಮೇಲಕ್ಕೇ ಇಟ್ಟಿದ್ದೀರಲ್ಲ?"

"ಮೇಲಕ್ಕೇ ಇದೆ."

"ಹಾಗಾದ್ರೆ ಸರಿ."

ಪುಡಿ ಅರೆಯುವ ಡ್ರಮ್ಮಿನ ಗದ್ದಲದಲ್ಲಿ ವರ್ಷಗಟ್ಟಲೆ ನಿಂತು ಪುಡಿಯಣ್ಣನ ಕಿವಿ ಹೋಗುತ್ತ ಬಂತು. ಮಾತು ವರ್ಷ ವರ್ಷ ಸಣ್ಣದಾಯಿತು. ಹವಾಮಾನದ ಮಾತು ಹೋಯಿತು, ಮೊಣಕಾಲು ನೋವಿನ ಮಾತು ಹೋಯಿತು. ಕೊನೆಗೆ ಉಳಿದದ್ದು ಪದರದ ಲೆಕ್ಕ ಮತ್ತು ಈ ಮೇಲು ಮೇಲಿದೆಯಲ್ಲ ಎಂಬ ಪ್ರಶ್ನೆ. ಹೋದ ತಿಂಗಳು ಆ ಕಡೆಯಿಂದ ಒಂದು ಸುದ್ದಿ ಬಂತು: ಪ್ರೆಸ್ಸು ಹಳೆಯದಾಯಿತು, ಬಿಚ್ಚಿ ಒಯ್ಯುತ್ತಾರೆ, ಪುಡಿಯಣ್ಣ ಮಗಳ ಮನೆಗೆ ಹೋಗುತ್ತಾರೆ. ಈಗ ಪೆಟ್ಟಿಗೆಯಲ್ಲಿ ಕಾಯುತ್ತಿರುವುದು ಅವರ ಕೈಯ ಕೊನೆಯ ಪ್ಲೇಟು.

ಕೊನೆಯದು ಎಂದು ಮಾತ್ರವಲ್ಲ, ಬೇರೆ ಬಗೆಯದೂ ಹೌದು. ಹಿಂದಿನ ಪ್ಲೇಟುಗಳ ಮೇಲೆ ಭಾರ ಹೇರಿ ನಡುವಿನ ಬಾಗನ್ನು ಅಳೆಯುತ್ತಿದ್ದರು, ಅಷ್ಟೇ. ಪ್ರತಿಸಲವೂ ಮಾಡೆಲ್ಲು ಹೇಳಿದಷ್ಟೇ ಬಾಗಿವೆ. ತೇಪೆ ಹಚ್ಚಿ ಬಿಸಿ ಮಾಡುತ್ತಿರುವುದು ಇದೇ ಮೊದಲು. ಬಿಸಿಯಲ್ಲೂ ಮಾಡೆಲ್ಲಿನ ಮಾತು ನಿಜವಾದರೆ ಏಳು ವರ್ಷದ ಲೆಕ್ಕ ಹೊರಗೆ ಹೋಗುತ್ತದೆ, ಯಾರೋ ಅದನ್ನು ನಂಬಿ ಮುಚ್ಚಳ ಮಾಡುತ್ತಾರೆ. ಆಗದಿದ್ದರೆ ಇನ್ನೊಂದು ಪ್ಲೇಟು ಮಾಡಿಸಿ ನೋಡೋಣವೆಂದರೆ ಪ್ರೆಸ್ಸಿಲ್ಲ. ವಾರದ ಕೊನೆಗೆ ಯೋಜನೆ ಮುಗಿಯುತ್ತದೆ. ಮಾಡೆಲ್ಲು ಬೀರು ಸೇರುತ್ತದೆ.

ಪೆಟ್ಟಿಗೆ ಅರ್ಧದಷ್ಟು ಬಿಸಿಯೇರಿದೆ. ಪರದೆಯ ಗೆರೆ ಅಲುಗತೊಡಗುತ್ತದೆ. ಮಾಡೆಲ್ಲಿನ ಪ್ರಕಾರ ಬಿಳಿ ಮುಖ ಮೇಲಿದೆ, ಲೋಹದ ಮುಖ ಕೆಳಗಿದೆ. ಲೋಹ ಹೆಚ್ಚು ಹಿಗ್ಗುವುದರಿಂದ ಪ್ಲೇಟಿನ ನಡು ಕೆಳಕ್ಕೆ ಇಳಿಯಬೇಕು. ಪೂರ್ತಿ ಬಿಸಿಗೆ ಒಂದು ಉಗುರಿನ ದಪ್ಪದಷ್ಟು. ಲೆಕ್ಕದಕ್ಕ ಮುಂದಕ್ಕೆ ಬಾಗಿ ನೋಡುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ.

ನಡು ಮೇಲಕ್ಕೆ ಏಳುತ್ತಿದೆ.

ತೇಪೆ ಕಿತ್ತುಬಂದರೆ ಎಂಬ ಭಯಕ್ಕೆ ಅವರು ಬಿಸಿ ನಿಲ್ಲಿಸುತ್ತಾರೆ. ಹೊರಗೆ ದಿನದ ಮೊದಲ ಲಾರಿ ಹಾಯುತ್ತದೆ.

ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ. ತಲೆಯ ಮೇಲೆ ನಾಲ್ಕು ಯೋಜನೆಗಳ ಹೊರೆ. ನಿಂತಲ್ಲೇ ಎರಡು ನಿಮಿಷ ಗೆರೆ ನೋಡಿ, "ಎಲ್ಲೋ ಒಂದು ಮೈನಸ್ ಬಿಟ್ಟುಹೋಗಿದೆ, ಅಷ್ಟೇ. ಚಿಹ್ನೆ ತಿರುಗಿಸಿಬಿಡಿ ಅಕ್ಕ, ಹೊಂದಿಕೊಳ್ಳತ್ತೆ," ಎನ್ನುತ್ತಾರೆ.

"ನಡುವಿಂದು ಹೊಂದತ್ತೆ ಸಾರ್. ತೇಪೆಗಳದ್ದು ಹೊಂದಲ್ಲ. ಕೆಳಗಿನ ತೇಪೆಗೆ ಜಾಸ್ತಿ ಎಳೆತ ಇರ್ಬೇಕಿತ್ತು, ಮೇಲಿನದಕ್ಕೆ ಬಂದಿದೆ."

"ತಂತಿ ಅದಲುಬದಲಾಗಿರ್ಬೇಕು."

"ಮೈನಸ್ಸೂ ತಪ್ಪಿ, ತಂತೀನೂ ತಪ್ಪಿ, ಎರಡೂ ಒಂದೇ ದಿನ ಆಗತ್ತಾ ಸಾರ್?"

ಮುಖ್ಯಸ್ಥರು ಕೈಗಡಿಯಾರ ನೋಡಿಕೊಳ್ಳುತ್ತಾರೆ. "ಶುಕ್ರವಾರ ವರದಿ ಹೋಗ್ಬೇಕು. ಅಷ್ಟರೊಳಗೆ ಏನಾದ್ರೂ ಒಂದು ಹೇಳಿ," ಎಂದು ಹೊರಡುತ್ತಾರೆ. ಅಂದು ಇಡೀ ದಿನ ಲೆಕ್ಕದಕ್ಕ ತಮ್ಮ ಲೆಕ್ಕದ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತಾರೆ. ಮೈನಸ್ಸಿನ ಒಂದು ಅಡ್ಡಗೆರೆ ಹಾಕಿದರೆ ಮುಗಿಯುತ್ತದೆ. ಹಾಕಲು ಜಾಗವೇ ಸಿಗುವುದಿಲ್ಲ. ಎಲ್ಲ ಸಾಲೂ ಸರಿಯಾಗಿದೆ.

ಮರುದಿನ ಅವರು ಒಂದು ಸೂಜಿ ತೆಗೆದುಕೊಂಡು, 'ಮೇ' ಎಂದು ಬರೆದ ಮೂಲೆಯಲ್ಲಿ ಸಾಸಿವೆಯಷ್ಟು ಜಾಗದ ಬಣ್ಣ ಕೆರೆಯುತ್ತಾರೆ. ಒಳಗೆ ಬಿಳಿ ಕಾಣಬೇಕು. ಕಂಡದ್ದು ಲೋಹದ ಹೊಳಪು.

ಮಾಡೆಲ್ಲಿನ ತಪ್ಪಲ್ಲ ಎಂಬ ನೆಮ್ಮದಿ ಅವರಿಗೆ ಬರಲಿಲ್ಲ. ವಯಸ್ಸಾಯಿತು, ಕಿವಿ ಹೋಯಿತು, ಮನಸ್ಸು ಬೇರೆ ಸರಿಯಿರಲಿಲ್ಲವೇನೋ. ಪುಡಿಯಣ್ಣ ಕೊನೆಯ ಪ್ಲೇಟಿನಲ್ಲಿ ತಪ್ಪಿದರು ಎಂದುಕೊಂಡರು. ಬರೀ ಗುರುತು ತಪ್ಪಿದ್ದರೆ ಪ್ಲೇಟನ್ನು ತಿರುಗಿಸಿ ಇಟ್ಟರಾಯಿತು. ಪುಡಿಯೇ ಅದಲುಬದಲಾಗಿದ್ದರೆ, ಬಿಳಿಯ ಡಬ್ಬಿಯ ಜಾಗದಲ್ಲಿ ಲೋಹದ ಡಬ್ಬಿ ಹೋಗಿದ್ದರೆ, ಇದು ಅವರು ಲೆಕ್ಕ ಹಾಕಿದ ಪ್ಲೇಟೇ ಅಲ್ಲ. ಯಾವುದೆಂದು ಹೇಳಬಲ್ಲವರು ಒಬ್ಬರೇ. ಅದನ್ನು ಕೇಳುವುದು ಹೇಗೆ? ಕಿವಿ ಕೇಳದವರಿಗೆ ಫೋನಿನಲ್ಲಿ ಕೂಗಿ ಕೂಗಿ, ನೀವು ಕೊನೆಗೆ ತಪ್ಪು ಮಾಡಿದಿರಿ ಎಂದು ಹೇಳುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ. ಪ್ಲೇಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಟೈರು ಅಂಗಡಿಗಳ ಸಾಲು ಮುಗಿದ ಮೇಲೆ ತಗಡಿನ ಶೆಡ್ಡುಗಳು. ಒಂದರ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಇಬ್ಬರು ಆಳುಗಳು ಪ್ರೆಸ್ಸಿನ ಬೋಲ್ಟು ಬಿಚ್ಚುತ್ತಿದ್ದರು. ಗೋಡೆ ಬದಿಗೆ, ಮಂಡಿಯವರೆಗೆ ಬೂದು ಪುಡಿ ಹತ್ತಿದ ಗಿಡ್ಡ ಮನುಷ್ಯನೊಬ್ಬ ಜರಡಿಗಳನ್ನು ಒಂದರೊಳಗೊಂದು ಕೂರಿಸುತ್ತಿದ್ದ.

"ಯಾರು ಬೇಕಿತ್ತು?"

"ನಾನು. ಲೆಕ್ಕದಕ್ಕ."

"ಆಂ?"

"ಲೆಕ್ಕ. ಲೆಕ್ಕದಮ್ಮ."

ಅವರು ಜರಡಿ ಕೆಳಗಿಟ್ಟು, ಕೈ ಒರೆಸಿಕೊಂಡು, ಇವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಫೋನಲ್ಲಿ ದಪ್ಪಗಿದ್ರಿ," ಎಂದರು.

"ನೀವು ಎತ್ತರ ಇದ್ರಿ."

ಕೂರಲು ಒಂದು ಅಚ್ಚಿನ ದಿಮ್ಮಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಅದನ್ನೇ ಒರೆಸಿ ಕೊಟ್ಟರು. ಲೆಕ್ಕದಕ್ಕ ಟವೆಲ್ಲು ಬಿಚ್ಚಿ, ಹಳದಿ ಅಕ್ಷರದ ಮೇಲೆ ಬೆರಳಿಟ್ಟು, ಕಿವಿಯ ಹತ್ತಿರ ಬಾಗಿ ಕೇಳಿದರು.

"ಇದು ಯಾವ ಮುಖ ಪುಡಿಯಣ್ಣ?"

"ಓದೋಕೆ ಬರತ್ತಲ್ಲ. ಮೇಲು."

"ಮೇಲು ಅಂದ್ರೆ ಬಿಳಿ ಅಲ್ವಾ?"

"ಬಿಳಿ ಯಾಕಮ್ಮ ಮೇಲಿರತ್ತೆ? ಬಿಳಿ ಅಡೀಲಿರತ್ತೆ." ಲೆಕ್ಕ ಬಲ್ಲವರಿಗೆ ಇಷ್ಟೂ ತಿಳಿಯದೇ ಎಂಬಂತೆ ಅವರು ಖಾಲಿ ಅಚ್ಚೊಂದನ್ನು ಎಳೆದುಕೊಂಡು ಬರಿಗೈಯಲ್ಲಿ ತುಂಬಿ ತೋರಿಸಿದರು. "ನೀವು ಫೋನಲ್ಲಿ ಓದ್ತೀರಿ. ಒಂದನೇದು ಪೂರ್ತಿ ಬಿಳಿ ಅಂತೀರಿ. ಒಂದನೇದನ್ನ ಮೊದಲು ಹಾಕ್ತೀನಿ. ಮೊದಲು ಹಾಕಿದ್ದು ಎಲ್ಲಿಗೆ ಹೋಗತ್ತೆ? ತಳಕ್ಕೆ ತಾನೆ. ಆಮೇಲೆ ಎರಡು, ಆಮೇಲೆ ಮೂರು. ಕೊನೇದು ಬರೀ ಲೋಹ, ಅದು ಮೇಲೆ ಉಳಿಯತ್ತೆ. ಮೇಲೆ ಉಳಿದಿದ್ದಕ್ಕೆ ಮೇ ಅಂತ ಬರೀತೀನಿ. ಇನ್ನೇನು ಬರೀಲಿ?"

ಲೆಕ್ಕದಕ್ಕ ಆ ಖಾಲಿ ಅಚ್ಚನ್ನೇ ನೋಡುತ್ತ ಕೂತರು. ಅವರ ಪರದೆಯ ಚಿತ್ರದಲ್ಲಿ ಒಂದನೆಯ ಪದರ ಎಲ್ಲಕ್ಕಿಂತ ಮೇಲಿದೆ. ಹಾಳೆಯ ಮೇಲೆ ಬರೆಯುವವರೆಲ್ಲ ಒಂದನ್ನು ಮೇಲೇ ಬರೆಯುತ್ತಾರೆ. ಅಚ್ಚು ತುಂಬುವವರೆಲ್ಲ ಒಂದನ್ನು ತಳಕ್ಕೇ ಸುರಿಯುತ್ತಾರೆ. ಪುಡಿ ಅದಲುಬದಲಾಗಿಲ್ಲ, ಪ್ಲೇಟು ಲೆಕ್ಕದ ಪ್ಲೇಟೇ. ಕೈಯೂ ತಪ್ಪಿಲ್ಲ.

"ಹಿಂದಿನವೆಲ್ಲ?" ಎಂದು ಕೇಳಿದರು.

"ಎಲ್ಲಾ ಹೀಗೇ. ಒಂದೂ ಬೇರೆ ಥರ ಮಾಡಿಲ್ಲ."

ಲೆಕ್ಕದಕ್ಕ ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಇಟ್ಟು, ಇದು ಬಿಳಿ, ಇದು ಲೋಹ, ನಾನು ಇಟ್ಟದ್ದು ಹೀಗೆ, ಇಡಬೇಕಾಗಿದ್ದು ಹೀಗೆ ಎಂದು ತಿರುಗಿಸಿ ತೋರಿಸಿದರು. ಪುಡಿಯಣ್ಣ ಆ ಕೈಗಳನ್ನು ಎರಡು ಸಲ ನೋಡಿದರು. ಅರ್ಥವಾಯಿತು.

"ಅಂದ್ರೆ ಇಷ್ಟು ವರ್ಷ ನನ್ನ ಬಿಲ್ಲೆಗಳೆಲ್ಲ ನಿಮ್ಮಲ್ಲಿ ಬೋರಲು ಮಲಗಿದ್ವಾ?"

ಲೆಕ್ಕದಕ್ಕ ನಕ್ಕರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಬೋಲ್ಟು ಬಿಚ್ಚುವವರು ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಭಾರ ಹೇರಿದರೆ ಪ್ಲೇಟು ಯಾವ ಮುಖ ಮೇಲಿದ್ದರೂ ಕೆಳಕ್ಕೇ ಬಾಗುತ್ತದೆ, ಬಾಗುವುದೂ ಅಷ್ಟೇ. ಹಾಗಾಗಿ ಏಳು ವರ್ಷವೂ ಉತ್ತರ ಸರಿಯಾಗಿಯೇ ಬಂತು. ಗುಟ್ಟು ರಟ್ಟಾಗಲು ಬಿಸಿ ಬೇಕಾಯಿತು.

"ಅಷ್ಟು ಭಾರ ಹೇರಿದೀನಿ. ಒಂದಾದ್ರೂ ಬಾಯಿ ಬಿಡಬಾರದಾ," ಎಂದರು.

"ಬೋರಲು ಮಲಗಿದೋರು ಏನು ಮಾತಾಡ್ತಾರೆ ಬಿಡಿ."

ಮೇಲು ಮೇಲಕ್ಕೇ ಇಟ್ಟಿದ್ದೀರಲ್ಲ ಎಂದು ಅವರು ಪ್ರತಿಸಲ ಕೇಳಿದ್ದು, ಇವರು ಪ್ರತಿಸಲ ಹೌದೆಂದದ್ದು, ಎರಡೂ ಸತ್ಯ. ಬೇರೆ ಬೇರೆ ಸತ್ಯ.

ಆಮೇಲೆ ಮಾತು ಹೆಚ್ಚೇನೂ ಇರಲಿಲ್ಲ. ಹತ್ತಿರ ಕೂತರೂ ಕೂಗಿಯೇ ಮಾತಾಡಬೇಕು. ಕೂಗಲು ಲೆಕ್ಕದಕ್ಕನಿಗೆ ಸಂಕೋಚ. ಪುಡಿಯಣ್ಣ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ತೇಪೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

"ಇದು ಬಗ್ಗೋದು ಕಣ್ಣಿಗೆ ಕಾಣತ್ತಾ?"

"ಇಲ್ಲ. ಉಗುರಿನ ದಪ್ಪದಷ್ಟು. ಪರದೆ ಮೇಲೆ ಕಾಣತ್ತೆ."

"ನಾನು ಒಂದೂ ನೋಡಿಲ್ಲ. ಮಾಡಿ ಮಾಡಿ ಕಳಿಸಿದ್ದೇ ಬಂತು."

"ನಾಳೆ ಬೆಳಿಗ್ಗೆ ಬನ್ನಿ. ತಿರುಗಿಸಿ ಇಟ್ಟು ಮತ್ತೆ ಬಿಸಿ ಮಾಡ್ತೀನಿ."

ಅವರು ಬೆರಳು ಮಡಿಚಿ ಏನೋ ಎಣಿಸಿ, ಆಗದೆಂದು ತಲೆಯಾಡಿಸಿದರು. "ನಾಳೆ ಮಗಳು ಬರ್ತಾಳೆ. ಬೆಳಿಗ್ಗೆ ಬಸ್ಸು."

ಗುರುವಾರ ಬೆಳಗಿನ ಜಾವ ಲೆಕ್ಕದಕ್ಕ ಮತ್ತೆ ಕೆಳಗಿನ ಕೋಣೆಯಲ್ಲಿ ಒಬ್ಬರೇ ಕೂರುತ್ತಾರೆ. ಪ್ಲೇಟು ಈಗ ತಿರುಗಿದೆ; ಹಳದಿ ಅಕ್ಷರ ಕೆಳಮುಖವಾಗಿದೆ. ಪೆಟ್ಟಿಗೆ ಕಾಯುತ್ತದೆ. ನಡು ಇಳಿಯತೊಡಗುತ್ತದೆ, ನಿಧಾನವಾಗಿ, ಲೆಕ್ಕದ ಗೆರೆಯ ಪಕ್ಕಪಕ್ಕದಲ್ಲೇ. ಕೆಳಗಿನ ತೇಪೆಗೆ ಹೆಚ್ಚು ಎಳೆತ, ಮೇಲಿನದಕ್ಕೆ ಕಡಿಮೆ. ಕೊನೆಯಲ್ಲಿ ಎರಡು ಗೆರೆಗಳ ನಡುವೆ ಕೂದಲೆಳೆಯ ಅಂತರ ಉಳಿಯುತ್ತದೆ. ಅಂಟಿನ ಪದರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅದು ಇರಬೇಕು ಎಂದುಕೊಳ್ಳುತ್ತಾರೆ. ತೇಪೆಗೆ ವಿದ್ಯುತ್ತು ಕೊಡುತ್ತಾರೆ. ಬಾಗಿದ ಪ್ಲೇಟು ಒಂದಿಷ್ಟು ಬೆನ್ನು ನೆಟ್ಟಗೆ ಮಾಡುತ್ತದೆ. ಅದೂ ಲೆಕ್ಕದಲ್ಲಿ ಇದ್ದಷ್ಟೇ.

ಹೇಳಲು ಯಾರೂ ಇಲ್ಲ. ಮುಖ್ಯಸ್ಥರು ಬರಲು ಇನ್ನೂ ಹೊತ್ತಿದೆ. ಲೆಕ್ಕದಕ್ಕ ಮೆಟ್ಟಿಲು ಹತ್ತಿ ಗೇಟಿನವರೆಗೆ ನಡೆಯುತ್ತಾರೆ. ಪಾಳಿ ಮುಗಿಸಿದ ಕಾವಲುಗಾರ ಸೈಕಲ್ಲು ತೆಗೆಯುತ್ತಿದ್ದಾನೆ.

"ಏನಕ್ಕಾ, ಆಯ್ತಾ ಕೆಲಸ?"

"ಆಯ್ತು. ಬಗ್ತು."

"ಅಯ್ಯೋ ಪಾಪ. ಹಾಳಾಯ್ತಾ?"

"ಇಲ್ಲ. ಸರಿಯಾಗಿ ಬಗ್ತು."

ಒಳ್ಳೇದಾಯ್ತು ಬಿಡಿ ಎಂದು ಕಾವಲುಗಾರ ಸೈಕಲ್ಲು ಹತ್ತುತ್ತಾನೆ. ಲೆಕ್ಕದಕ್ಕ ಗೇಟಿನ ಬಳಿ ನಿಂತೇ ಪುಡಿಯಣ್ಣನ ನಂಬರಿಗೆ ಫೋನು ಮಾಡುತ್ತಾರೆ. ಎತ್ತಿಕೊಂಡವಳು ಮಗಳು, ಹಿಂದೆ ಬಸ್ಸಿನ ಸದ್ದು.

"ಪುಡಿಯಣ್ಣನಿಗೆ ಹೇಳಮ್ಮ, ಬಿಲ್ಲೆ ಕೆಳಕ್ಕೆ ಬಗ್ತು ಅಂತ."

"ಏನಂದ್ರಿ? ಯಾವ ಬಿಲ್ಲೆ?"

"ಅಷ್ಟೇ ಹೇಳು. ಅವರಿಗೆ ಗೊತ್ತಾಗತ್ತೆ."

ಮಗಳು ಕೂಗಿ ಹೇಳುವುದು ಕೇಳಿಸುತ್ತದೆ. ಮತ್ತೊಮ್ಮೆ ಕೂಗುತ್ತಾಳೆ. ಆಮೇಲೆ, "ಅಪ್ಪ ಅಂಗೈ ತಿರುಗಿಸಿ ತೋರಿಸ್ತಿದ್ದಾರೆ. ಏನೂ ಅರ್ಥ ಆಗ್ತಿಲ್ಲ," ಎನ್ನುತ್ತಾಳೆ.

"ಹೂಂ, ಹಾಗೇ," ಎಂದು ಲೆಕ್ಕದಕ್ಕ ಫೋನು ಇಡುತ್ತಾರೆ.

ವರದಿ ಶುಕ್ರವಾರ ಹೋಯಿತು. ಮುಖ್ಯಸ್ಥರು ಸಂತೋಷಪಟ್ಟರು, ಚಿಹ್ನೆ ತಿರುಗಿಸಿದ್ದರೆ ಎಂಥ ಎಡವಟ್ಟಾಗುತ್ತಿತ್ತು ಎಂದು ಅವರೇ ಎರಡು ಸಲ ಹೇಳಿದರು. ಯಾರೋ ಈ ಲೆಕ್ಕವನ್ನು ನಂಬಿ, ಲೋಹದ ಮುಖವನ್ನು ಬೆಂಕಿಯ ಕಡೆ ತಿರುಗಿಸಿ ಮುಚ್ಚಳ ಕೂರಿಸುವುದು ತಪ್ಪಿತು. ಲೆಕ್ಕದಕ್ಕನ ಹುದ್ದೆ ಇನ್ನೊಂದು ವರ್ಷ ಮುಂದುವರಿಯುತ್ತದೆ. ಚಿಕ್ಕಮ್ಮ ಕೇಳಿದ್ದು ಒಂದೇ: "ಬಗ್ಗಿತಲ್ಲ. ಇನ್ನಾದ್ರೂ ಬೆಳಿಗ್ಗೆ ಮಲಗ್ತೀಯಾ?"

ಮಲಗುವುದಿಲ್ಲ. ಪರದೆಯ ಮೇಲೆ ಈಗ ಹೊಸ ಪ್ಲೇಟುಗಳಿವೆ. ಗುಂಡಗಿನವು, ನಡುವೆ ತೂತಿರುವವು, ಒತ್ತಿ ಕೊಡುವವರು ಇಲ್ಲದವು. ಪುಡಿ ಬೆರೆಸುವ ಬೇರೆ ಶೆಡ್ಡು ಸಿಗುವವರೆಗೆ ಅವು ಲೆಕ್ಕದಲ್ಲೇ ಬಾಗಬೇಕು. ಬೆಳಿಗ್ಗೆ ಬೇಗ ಬರುವ ಅಗತ್ಯವಿಲ್ಲ. ಆದರೂ ಅವರು ಬರುತ್ತಾರೆ.

ತಮ್ಮ ಪ್ರೋಗ್ರಾಮಿನಲ್ಲಿ ಅವರು ಒಂದು ಬದಲಾವಣೆ ಮಾಡಿದ್ದಾರೆ. ಒಂದನೆಯ ಪದರ ಶುರುವಾಗುವ ಕಡೆ ಒಂದು ಸಾಲು ಸೇರಿಸಿದ್ದಾರೆ. ಯಂತ್ರ ಅದನ್ನು ಓದುವುದಿಲ್ಲ, ಹಾರಿಹೋಗುತ್ತದೆ. ಅಂಥ ಸಾಲುಗಳನ್ನು ಬರೆಯುವುದು ಮುಂದೆ ಯಾರಾದರೂ ಮನುಷ್ಯರು ಓದಲಿ ಎಂದು. ಪರದೆಯನ್ನು ಸ್ವಲ್ಪ ತಿರುಗಿಸಿ ಬಂದವರಿಗೆ ಅದನ್ನು ತೋರಿಸುತ್ತಾರೆ. 'ಒಂದನೇ ಪದರ: ಪೂರ್ತಿ ಬಿಳಿ. ಇದು ಪುಡಿಯಣ್ಣನ ತಳ' ಎಂದಿದೆ.

"ನನಗೆ ಹೆಚ್ಚೇನೂ ಆಸೆ ಇಲ್ಲ," ಎನ್ನುತ್ತಾರೆ ಲೆಕ್ಕದಕ್ಕ. "ಯಾವತ್ತೋ ಒಂದು ದಿನ ಯಾರೋ ಒಬ್ರು ಇದನ್ನ ತೆಗೆದು ಓದ್ಲಿ. ಓದಿ, ಯಾರಪ್ಪಾ ಈ ಪುಡಿಯಣ್ಣ ಅಂತ ಪಕ್ಕದಲ್ಲಿರೋರನ್ನ ಕೇಳ್ಲಿ. ಅಷ್ಟು ಸಾಕು."